ನಮ್ಮ ಜಾಲಪಾಠಶಾಲೆಗೆ ತಕ್ಕ ಮನೆಯನ್ನು ಆರಿಸುವ ಬಗೆ

ನೀವು ಕೂಡಿಸಿ ಕೊಟ್ಟ ಹಣದಿಂದ ಶಾಲೆಯ ಜಾಲಪಾಠಶಾಲೆಗೆ ಹೊಸ ಹೋಸ್ಟಿಂಗ್ ಕೊಳ್ಳಬೇಕೆಂದು ಕಳೆದ ಸಭೆಯಲ್ಲಿ ನಿರ್ಣಯವಾಯಿತಷ್ಟೆ. ಆ ದಿವಸ ಒಬ್ಬ ತಂದೆಯವರು ಎದ್ದು ನಿಂತು, “ಅಮ್ಮನವರೇ, ತಿಂಗಳಿಗೆ ನೂರಾರು ರೂಪಾಯಿಗೇ ಹೋಸ್ಟಿಂಗ್ ದೊರೆಯುವುದೆಂದು ಜಾಹೀರಾತುಗಳು ಸಾರುತ್ತಿರುವಾಗ, ನಾವು ಅದಕ್ಕಿಂತ ಹೆಚ್ಚಾಗಿ ಏಕೆ ಕೊಡಬೇಕು?” ಎಂದು ಕೇಳಿದರು. ಪ್ರಶ್ನೆಯು ನ್ಯಾಯವಾದದ್ದು. ಸಭೆಯಲ್ಲಿ ಸಮಯವಿಲ್ಲದೆ ಅರ್ಧಕ್ಕೇ ನಿಂತ ನನ್ನ ಉತ್ತರವನ್ನು ಈ ಸ್ಮರಣ ಸಂಚಿಕೆಯಲ್ಲಿ ಪೂರ್ತಿಮಾಡಲು ಪ್ರಯತ್ನಿಸುತ್ತೇನೆ.

ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುವುದು ಒಳ್ಳೆಯದು. 2020ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಕೊರೋನಾ ಸೋಂಕಿನ ನಿಮಿತ್ತ ಶಾಲೆಗಳು ಮುಚ್ಚಲ್ಪಟ್ಟಾಗ, ನಮ್ಮ ವಸತಿಗೃಹದ ಹುಡುಗಿಯರೆಲ್ಲರೂ ಊರುಗಳಿಗೆ ಹೊರಟುಹೋದರು. ಕೊಳ್ಳೇಗಾಲ, ಯಳಂದೂರು ಪೇಟೆಗಳ ಮಕ್ಕಳು ಹೇಗೋ ಫೋನಿಗೆ ಸಿಕ್ಕುತ್ತಿದ್ದರು. ಹನೂರಿನ ಆಚೆಯ ಹಳ್ಳಿಗಳವರೂ ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿರುವ ಸೋಲಿಗರ ಮಕ್ಕಳೂ ಸಿಕ್ಕುವುದು ಕಷ್ಟವಾಗಿತ್ತು. ಆಗಸ್ಟ್ ತಿಂಗಳಲ್ಲಿ ಸರ್ಕಾರವು ವಿದ್ಯಾಗಮವೆಂಬ ಯೋಜನೆಯಿಂದ ತನ್ನ ಶಾಲೆಗಳ ಉಪಾಧ್ಯಾಯರನ್ನೇ ಮಕ್ಕಳಿದ್ದ ಕಡೆಗೆ ಕಳುಹಿಸಿತು. ನಾವು ನಮ್ಮ ಪಾಲಿನ ಪ್ರಯತ್ನವಾಗಿ ಮೂಡಲ್ ಎಂಬ ತಂತ್ರಾಂಶದಿಂದ ಒಂದು ಜಾಲಪಾಠಶಾಲೆಯನ್ನು ಆತುರದಲ್ಲಿ ಕಟ್ಟಿದೆವು. ಅದಕ್ಕೆ ಹೋಸ್ಟಿಂಗನ್ನು ಆರಿಸಿದವಳು ನಾನೇ. ಬೆಲೆಯೊಂದನ್ನೇ ನೋಡಿ, ಮೂರು ವರ್ಷಗಳ ಹಣವನ್ನು ಮುಂಗಡವಾಗಿ ಕೊಟ್ಟುಬಿಟ್ಟೆ.

ಪಾಠಗಳು ಒಬ್ಬೊಬ್ಬರಾಗಿ ಓದುವವರೆಗೆ ನಡೆದವು. ಗಣಿತದ ಕಿರುಪರೀಕ್ಷೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಸುಮಾರು 60 ಮಂದಿ ಒಟ್ಟಿಗೆ ಒಳಹೊಕ್ಕೊಡನೆ ಸರ್ವರು ಸ್ತಬ್ಧವಾಯಿತು. ಬೆಟ್ಟದ ಒಬ್ಬ ಹುಡುಗಿ ಅಣ್ಣನ ಸಂಗಡ ಸಿಗ್ನಲ್ ಸಿಕ್ಕುವ ಬಂಡೆಯವರೆಗೆ ನಡೆದುಹೋಗಿ, ಅಲ್ಲಿ ಕುಳಿತು ಉತ್ತರ ಬರೆದಿದ್ದಳು. ಅದರಲ್ಲಿ ಒಂದೂ ನಮಗೆ ದಕ್ಕಲಿಲ್ಲ. “ನಾನು ಬರೆದದ್ದು ಎಲ್ಲಿಗೆ ಹೋಯಿತು, ಅಮ್ಮ?” ಎಂದು ಆಕೆ ಮರುದಿನ ಕೇಳಿದಳು. ಮುಂದಿನ ವಾರದ ಪರೀಕ್ಷೆಗೆ ಆಕೆ ಬಂಡೆಯ ಬಳಿಗೆ ಹೋಗಲೇ ಇಲ್ಲ. ಮಾರಿದವರನ್ನು ಕೇಳಿದಾಗ, ನಾವು ಕೊಂಡ ದರ್ಜೆಯಲ್ಲಿ ಅಷ್ಟು ಮಂದಿಗೆ ಏಕಕಾಲದಲ್ಲಿ ಸ್ಥಳವಿಲ್ಲವೆಂದರು. ಕೊಳ್ಳುವಾಗ ನಾನು ಅದನ್ನು ಕೇಳಿರಲಿಲ್ಲ.

ಹೋಸ್ಟಿಂಗ್ ಎಂದರೇನು? ಪುಸ್ತಕವಿದ್ದರೆ ಅದನ್ನಿಡಲು ಕಪಾಟು ಬೇಕಾದಂತೆ, ಜಾಲತಾಣವಿದ್ದರೆ ಅದನ್ನಿಡಲು ಹಗಲಿರುಳೂ ಎಚ್ಚರವಾಗಿರುವ ಒಂದು ಗಣಕಯಂತ್ರ ಬೇಕು. ಅದಕ್ಕೆ ಸರ್ವರ್ ಎಂದು ಹೆಸರು. ಅದರಲ್ಲಿ ಜಾಗವನ್ನು ಬಾಡಿಗೆಗೆ ಹಿಡಿಯುವುದೇ ಹೋಸ್ಟಿಂಗ್. ಆದರೆ ಕಪಾಟಿನ ಹೋಲಿಕೆ ಇಲ್ಲಿಗೇ ಮುಗಿಯಿತು. ಶಾಲೆಯ ವಿಳಾಸ, ಚಿತ್ರಗಳು ಮಾತ್ರ ಇರುವ ತಾಣವು ಪುಸ್ತಕದಂತೆ ಸುಮ್ಮನಿರುವುದು. ಕಲಿಕೆಯ ತಾಣವಾದರೋ ಉತ್ತರಗಳನ್ನು ತೆಗೆದುಕೊಳ್ಳುವುದು, ಅಂಕ ಕೂಡಿಸುವುದು, ಗಡುವನ್ನು ನೆನಪಿಸುವುದು. ಎಂದರೆ ಅದು ಜೀವವುಳ್ಳ ವಸ್ತುವಿನಂತೆ ದುಡಿಯುವುದು.

ಮೂಡಲ್ ತಂತ್ರಾಂಶವನ್ನು ಹುಟ್ಟಿಸಿದವರು ಆಸ್ಟ್ರೇಲಿಯದ ಮಾರ್ಟಿನ್ ಡುಗಿಯಾಮಸ್ ಎಂಬವರು. ಅದರ ಮೊದಲನೆಯ ಆವೃತ್ತಿ 2002ನೆಯ ಇಸವಿಯ ಆಗಸ್ಟಿನಲ್ಲಿ ಹೊರಬಂದಿತು. ಅವರ ಬಾಲ್ಯವು ಪಶ್ಚಿಮ ಆಸ್ಟ್ರೇಲಿಯದ ಮರುಭೂಮಿಯ ದೂರದ ವಸತಿಯೊಂದರಲ್ಲಿ ಕಳೆಯಿತು. ಶಾಲೆಯ ಪಾಠವು ಅವರಿಗೆ ರೇಡಿಯೋ ಮೂಲಕ ಬರುತ್ತಿತ್ತು. ದೂರದ ಮಗುವಿನ ಕಷ್ಟವನ್ನು ತಿಳಿದವರೇ ಇದನ್ನು ಕಟ್ಟಿದರೆಂಬುದು ನಮ್ಮ ಬೆಟ್ಟದ ಸೀಮೆಗೆ ಸಮಾಧಾನದ ಸಂಗತಿ. ತಂತ್ರಾಂಶಕ್ಕೆ ಬೆಲೆಯಿಲ್ಲ; ಯಾರು ಬೇಕಾದರೂ ಇಳಿಸಿಕೊಂಡು ಉಪಯೋಗಿಸಬಹುದು. ಆದರೆ ಅದನ್ನು ಇರಿಸುವ ಮನೆಗೆ ಬೆಲೆಯುಂಟು.

ನಿಮ್ಮಲ್ಲಿ ಅನೇಕರ ಮನೆಗಳಲ್ಲಿ ರೇಷ್ಮೆಹುಳು ಸಾಕಿದ್ದಾರೆ. ಮನೆಯನ್ನು ಮೊದಲು ಹಿಡಿದು, ಆಮೇಲೆ ಅದರಲ್ಲಿ ಹುಳು ಬದುಕುವುದೋ ಎಂದು ನೋಡುವವರುಂಟೇ? ಹುಳುವಿಗೆ ಎಂಥ ಸೊಪ್ಪು, ಎಷ್ಟು ಗಾಳಿ, ಎಷ್ಟು ಕಾವು, ದಿನಕ್ಕೆ ಎಷ್ಟು ಸಲ ಮೇವು ಎಂಬುದನ್ನು ತಿಳಿದು, ಅದಕ್ಕೆ ತಕ್ಕಂತೆ ಮನೆಯನ್ನು ಅಣಿಮಾಡುವರು. ಹೋಸ್ಟಿಂಗಿನ ವಿಷಯದಲ್ಲಿಯೂ ಕ್ರಮ ಇದೇ. ಮೂಡಲ್‌ನವರು ಪ್ರತಿಯೊಂದು ಆವೃತ್ತಿಗೂ ಬೇಕಾದ ಅನುಕೂಲಗಳ ಪಟ್ಟಿಯನ್ನು ಪ್ರಕಟಿಸುತ್ತಾರೆ. ಮೊದಲು ಆ ಪಟ್ಟಿಯನ್ನು ಓದಬೇಕು. ಬೆಲೆಯ ಪಟ್ಟಿಯನ್ನು ಆಮೇಲೆ ಓದಬೇಕು. ನಾನು ಇದನ್ನು ತಲೆಕೆಳಗಾಗಿ ಮಾಡಿದೆನು. ಆದಕಾರಣ ಹಣ ಕೊಡುವುದಕ್ಕೆ ಮುಂಚೆ ಮಾರುವವರನ್ನು ಕೇಳತಕ್ಕ ಆರು ಪ್ರಶ್ನೆಗಳನ್ನು ಇಲ್ಲಿ ವಿವರಿಸುತ್ತೇನೆ.

ಮೊದಲನೆಯದು ಸೊಪ್ಪಿನ ಪ್ರಶ್ನೆ. ಮೂಡಲ್ ಪಿ.ಎಚ್.ಪಿ. ಎಂಬ ಭಾಷೆಯಲ್ಲಿ ಬರೆಯಲ್ಪಟ್ಟಿದೆ. ಅದರ ಲೆಕ್ಕಪತ್ರಗಳೆಲ್ಲ ಡೇಟಾಬೇಸಿನಲ್ಲಿರುತ್ತವೆ. ಇವೆರಡೂ ಸರ್ವರಿನಲ್ಲಿ ಸರಿಯಾದ ಆವೃತ್ತಿಯಲ್ಲಿ ಇರಬೇಕು. 2024ರ ಅಕ್ಟೋಬರಿನಲ್ಲಿ ಹೊರಬಂದ ಮೂಡಲ್ 4.5ಕ್ಕೆ ಪಿ.ಎಚ್.ಪಿ. 8.1ರಿಂದ 8.3ರವರೆಗೆ ಆಗುವುದು, ಡೇಟಾಬೇಸು ಮೈಎಸ್‌ಕ್ಯೂಎಲ್ ಆದರೆ 8.0 ಆದರೂ ಇರಬೇಕು. 2025ರ ಏಪ್ರಿಲಿನಲ್ಲಿ ಬಂದ 5.0ಕ್ಕೆ ಪಿ.ಎಚ್.ಪಿ. 8.2ಕ್ಕೆ ಕಡಿಮೆಯಾದದ್ದು ಆಗದು, ಮೈಎಸ್‌ಕ್ಯೂಎಲ್ 8.4 ಬೇಕು, ಇಲ್ಲವೆ ಮಾರಿಯಾ ಡಿಬಿ 10.11 ಬೇಕು. ಹಳೆಯದು ಸಲ್ಲದಂತೆಯೇ ತೀರ ಹೊಸದೂ ಸಲ್ಲದು. ಎಳೆಯ ಹುಳುವಿಗೆ ಬಲಿತ ಸೊಪ್ಪು ಹಾಕುವುದಿಲ್ಲವಷ್ಟೆ. 4.5 ಎಂಬುದು ದೀರ್ಘಕಾಲದ ಆವೃತ್ತಿ. ಅದರ ಭದ್ರತೆಯ ತಿದ್ದುಪಡಿಗಳು 2027ರ ಅಕ್ಟೋಬರ್‌ವರೆಗೆ ಬರುವುವೆಂದು ಪ್ರಕಟವಾಗಿದೆ. ವರ್ಷಕ್ಕೆ ಎರಡು ಸಲ ಬದಲಾಯಿಸಲು ಆಳಿಲ್ಲದ ನಮ್ಮಂಥ ಶಾಲೆಗೆ ದೀರ್ಘಕಾಲದ ಆವೃತ್ತಿಗಳೇ ಲೇಸು.

ಎರಡನೆಯದು, ಪಿ.ಎಚ್.ಪಿ.ಯ ಮಿತಿಗಳನ್ನು ನಾವು ಏರಿಸಬಹುದೇ ಎಂಬುದು. ಅದು ಹುಟ್ಟುವಾಗಲೇ ಒಂದು ಕಡತಕ್ಕೆ 2 ಮೆಗಾಬೈಟ್ ಎಂಬ ಮಿತಿಯನ್ನು ಹೊತ್ತು ಬರುವುದು. ಹುಡುಗಿ ತನ್ನ ನೋಟ್‌ಪುಸ್ತಕದ ಪುಟವನ್ನು ಫೋನಿನಲ್ಲಿ ತೆಗೆದು ಕಳುಹಿಸಿದರೆ ಆ ಚಿತ್ರವೇ 3 ಮೆಗಾಬೈಟ್ ಆಗಬಹುದು. ಆಗ ಬಾಗಿಲಲ್ಲೇ ತಡೆಯಾಗುವುದು. ಹಾಗೆಯೇ ಒಂದು ನಮೂನೆಯಲ್ಲಿ 1000 ಅಂಕಣಗಳನ್ನು ಮಾತ್ರ ಸ್ವೀಕರಿಸುವ ಮತ್ತೊಂದು ಮಿತಿಯುಂಟು. ಮೂಡಲ್ ಇದನ್ನು 5000ಕ್ಕೆ ಏರಿಸಬೇಕೆನ್ನುತ್ತದೆ. ಏರಿಸದಿದ್ದರೆ ದೊಡ್ಡ ತರಗತಿಯ ಅಂಕಪಟ್ಟಿಯ ಕೊನೆಯ ಭಾಗ ದಾಖಲಾಗದೆ ಹೋಗಬಹುದು. ಕೆಲವು ಅಗ್ಗದ ದರ್ಜೆಗಳಲ್ಲಿ ಈ ಮಿತಿಗಳನ್ನು ಮುಟ್ಟಲು ನಮಗೆ ಅಧಿಕಾರವಿರುವುದಿಲ್ಲ.

ಮೂರನೆಯದು ಮೇವಿನ ವೇಳೆ. ಹುಳುವಿಗೆ ಹೊತ್ತು ಹೊತ್ತಿಗೆ ಸೊಪ್ಪು ಬೀಳಬೇಕಾದಂತೆ, ಮೂಡಲ್‌ಗೆ ಕ್ರಾನ್ ಎಂಬ ಒಂದು ಕರೆ ನಿಮಿಷಕ್ಕೊಮ್ಮೆ ಬೀಳಬೇಕು. ಆ ಕರೆ ಬಂದಾಗಲೇ ಅದು ಕಾಗದಗಳನ್ನು ಕಳುಹಿಸುವುದು, ಅವಧಿ ಮೀರಿದ ಪರೀಕ್ಷೆಗಳನ್ನು ಮುಚ್ಚುವುದು, ತಾನಾಗಿ ಪ್ರತಿ ತೆಗೆದಿಡುವುದು. ಗಂಟೆಗೊಮ್ಮೆ ಮಾತ್ರ ಕ್ರಾನಿಗೆ ಅವಕಾಶ ಕೊಡುವ ಹೋಸ್ಟಿಂಗಿನಲ್ಲಿ ಈ ಕೆಲಸಗಳೆಲ್ಲ ತಡವಾಗುವುವು.

ನಾಲ್ಕನೆಯದು ಒಳಮನೆಯ ಪ್ರಶ್ನೆ. ಮಕ್ಕಳು ಕಳುಹಿಸಿದ ಕಡತಗಳನ್ನು ಇಡುವ ಕೋಣೆಯು ಬೀದಿಗೆ ತೆರೆದಿರಬಾರದು. ಎಂದರೆ ಜಾಲದಿಂದ ನೇರವಾಗಿ ಕಾಣುವ ಕಡತಕೋಶದ ಹೊರಗೆ ಇರಬೇಕು. 2025ರ ಅಕ್ಟೋಬರಿನಲ್ಲಿ ಬಂದ 5.1ನೆಯ ಆವೃತ್ತಿಯಿಂದ ಮೂಡಲ್ ತನ್ನ ತಂತ್ರಾಂಶದಲ್ಲಿಯೂ ಸಾರ್ವಜನಿಕ ಭಾಗವನ್ನು ಬೇರೆ ಕಡತಕೋಶದಲ್ಲಿಟ್ಟು, ತಾಣದ ಬಾಗಿಲು ಅದಕ್ಕೇ ಎದುರಾಗಿರಬೇಕೆಂದು ವಿಧಿಸಿದೆ. ಈ ಬಾಗಿಲನ್ನು ತಿರುಗಿಸುವ ಅಧಿಕಾರ ನಮಗಿರುವುದೇ ಎಂದು ಕೇಳಬೇಕು.

ಐದನೆಯದು ಜಾಗದ ಲೆಕ್ಕ. ನನ್ನ ತಪ್ಪು ಇಲ್ಲಿಯೇ ಆದದ್ದು. ಒಂದು ಗಿಗಾಬೈಟ್ ರ‍್ಯಾಮಿಗೆ ಏಕಕಾಲದಲ್ಲಿ 10ರಿಂದ 20 ಮಂದಿ ಎಂಬುದು ಮೂಡಲ್‌ನವರು ಕೊಡುವ ಸ್ಥೂಲವಾದ ಅಳತೆ. ಅರುವತ್ತು ಮಂದಿಗೆ 3ರಿಂದ 6 ಗಿಗಾಬೈಟ್ ಎಂದಾಯಿತು. ಶಾಲೆಯಲ್ಲಿ ಒಟ್ಟು ಎಷ್ಟು ಮಂದಿ ಎಂಬುದಕ್ಕಿಂತ ಪರೀಕ್ಷೆಯ ಗಂಟೆಯಲ್ಲಿ ಎಷ್ಟು ಮಂದಿ ಎಂಬುದೇ ಮುಖ್ಯ. ಇನ್ನು ಕಡತಗಳ ಜಾಗ. ತಂತ್ರಾಂಶಕ್ಕೆ ಕೆಲವು ನೂರು ಮೆಗಾಬೈಟ್ ಸಾಕಾದರೂ, 300 ಹುಡುಗಿಯರು ವಾರಕ್ಕೆ ಎರಡೆರಡು ಪುಟಗಳ ಚಿತ್ರವನ್ನು 3 ಮೆಗಾಬೈಟಿನಂತೆ ಕಳುಹಿಸಿದರೆ ವಾರಕ್ಕೆ 1.8 ಗಿಗಾಬೈಟ್ ತುಂಬುವುದು. 30 ವಾರಗಳಿಗೆ 54. ಚಿತ್ರಗಳನ್ನು ಕಿರಿದುಮಾಡಿ ಕಳುಹಿಸಲು ಕಲಿಸಿದರೆ ಸರ್ವರಿನ ಜಾಗವೂ ಉಳಿಯುವುದು, ತಂದೆತಾಯಿಗಳ ಡೇಟಾ ಖರ್ಚೂ ಉಳಿಯುವುದು.

ಆರನೆಯದು ಬೀಗ ಮತ್ತು ನಕಲು. ತಾಣದ ವಿಳಾಸವು ಎಚ್.ಟಿ.ಟಿ.ಪಿ.ಎಸ್. ಎಂದು ಆರಂಭವಾಗಬೇಕು, ಅದಕ್ಕೆ ಬೇಕಾದ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಹಣವಿಲ್ಲದೆ ಕೊಡುತ್ತದೆ. ಪ್ರತಿದಿನ ನಕಲು ತೆಗೆಯುವರೇ, ಅದನ್ನು ಬೇರೆ ಊರಿನ ಯಂತ್ರದಲ್ಲಿ ಇಡುವರೇ, ನಮಗೂ ಒಂದು ಪ್ರತಿ ದೊರೆಯುವುದೇ ಎಂದು ವಿಚಾರಿಸಬೇಕು. ನಕಲಿನಿಂದ ತಾಣವನ್ನು ಮರಳಿ ಎಬ್ಬಿಸಿ ನೋಡದ ಹೊರತು ಆ ನಕಲನ್ನು ನಂಬಲಾಗದು. ಅವಧಿಗೊಮ್ಮೆ ಹಾಗೆ ಮಾಡಿ ನೋಡುವುದು ನಮ್ಮ ಕರ್ತವ್ಯ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಹದಿನೆಂಟು ವರ್ಷ ತುಂಬದವರನ್ನು ಮಕ್ಕಳೆಂದು ಎಣಿಸಿ, ಅವರ ವಿವರಗಳನ್ನು ಉಪಯೋಗಿಸಲು ತಂದೆತಾಯಿಗಳ ಪರಿಶೀಲಿಸಬಹುದಾದ ಒಪ್ಪಿಗೆ ಬೇಕೆಂದು ಹೇಳುತ್ತದೆ. ನಿಮ್ಮ ಮಗಳ ಹೆಸರೂ ಅಂಕಗಳೂ ಯಾವ ಯಂತ್ರದಲ್ಲಿ, ಯಾರ ವಶದಲ್ಲಿ ಇವೆಯೆಂದು ಕೇಳುವ ಹಕ್ಕು ನಿಮ್ಮದು. ಉತ್ತರ ಹೇಳುವ ಹೊಣೆ ನನ್ನದು.

ಹೋಸ್ಟಿಂಗಿನಲ್ಲಿ ಮುಖ್ಯವಾಗಿ ಮೂರು ಬಗೆಗಳುಂಟು. ಹಲವು ಗಿರಾಕಿಗಳು ಒಂದೇ ಯಂತ್ರದಲ್ಲಿ ಹಂಚಿಕೊಂಡಿರುವುದು ಮೊದಲನೆಯದು. ಅಗ್ಗವಾದದ್ದು, ಆದರೆ ವಠಾರದ ಒಂದೇ ನಲ್ಲಿಯಂತೆ ಎಲ್ಲರಿಗೂ ಒಂದೇ ವೇಳೆಯಲ್ಲಿ ಬೇಕಾದಾಗ ಜಗಳ. ಯಂತ್ರದಲ್ಲಿ ನಮಗೆಂದೇ ಗೋಡೆ ಕಟ್ಟಿ ಬಿಟ್ಟುಕೊಟ್ಟ ಭಾಗವು ಎರಡನೆಯದು, ಇದಕ್ಕೆ ವಿ.ಪಿ.ಎಸ್. ಎನ್ನುವರು. ಮೇಲಿನ ಆರು ಪ್ರಶ್ನೆಗಳಿಗೂ ಇಲ್ಲಿ ಹೌದೆಂಬ ಉತ್ತರ ದೊರೆಯಬಹುದು. ಆದರೆ ಕಸ ಗುಡಿಸುವುದೂ ಬೀಗ ಹಾಕುವುದೂ ನಮ್ಮ ಕೆಲಸವಾಗುವುದು. ಮೂಡಲ್‌ನವರೇ ನಡೆಸುವ ಮೂಡಲ್‌ಕ್ಲೌಡ್‌ನಂಥವು ಮೂರನೆಯ ಬಗೆ. ಅಲ್ಲಿ ಸರ್ವರಿನ ಚಿಂತೆ ನಮಗಿಲ್ಲ. ಆದರೆ ಸದಸ್ಯರ ಸಂಖ್ಯೆಗೂ ಜಾಗಕ್ಕೂ ದರ್ಜೆಗೆ ತಕ್ಕ ಮಿತಿಯುಂಟು. ನಮ್ಮ ಶಾಲೆಗೆ 4 ಗಿಗಾಬೈಟ್ ರ‍್ಯಾಮಿನಿಂದ ಆರಂಭಿಸಿ, ಬೇಕಾದಾಗ ಏರಿಸಬಹುದಾದ ವಿ.ಪಿ.ಎಸ್. ಯೋಗ್ಯವೆಂದು ನನ್ನ ಅಭಿಪ್ರಾಯ. ಆದರೆ ಅದನ್ನು ನೋಡಿಕೊಳ್ಳುವ ತಿಳಿದವರೊಬ್ಬರು ಇರಬೇಕೆಂಬುದು ಷರತ್ತು. ಅಂಥವರು ದೊರೆಯದಿದ್ದರೆ ಮೂರನೆಯದೇ ಕ್ಷೇಮ.

ಎಷ್ಟು ಒಳ್ಳೆಯ ಸರ್ವರನ್ನು ಕೊಂಡರೂ ಬೆಟ್ಟದ ಮೇಲೆ ಸಿಗ್ನಲ್ ಬಲವಾಗದು ಎಂಬುದು ನಿಜ. ಇದಕ್ಕೂ ಒಂದು ಉಪಾಯವುಂಟು. ಮೂಡಲ್‌ನ ಫೋನ್ ಆ್ಯಪಿನಲ್ಲಿ ಪಾಠಗಳನ್ನು ಮುಂಚಿತವಾಗಿ ಇಳಿಸಿಕೊಂಡು, ಉಪಾಧ್ಯಾಯಿನಿಯು ಅನುಮತಿ ಕೊಟ್ಟ ಕಿರುಪರೀಕ್ಷೆಗಳನ್ನು ಜಾಲವಿಲ್ಲದಾಗಲೂ ಬರೆದು, ಸಿಗ್ನಲ್ ಸಿಕ್ಕಾಗ ಕಳುಹಿಸಬಹುದು. ಸರ್ವರಿನಲ್ಲಿ ಎಚ್.ಟಿ.ಟಿ.ಪಿ.ಎಸ್. ಸರಿಯಾಗಿದ್ದು ಆ್ಯಪಿಗೆ ಅವಕಾಶ ಕೊಟ್ಟಿದ್ದರೆ ಇದು ನಡೆಯುವುದು. ಬಂಡೆಯ ಮೇಲೆ ಕುಳಿತ ಹುಡುಗಿಗೆ ಆ ದಿನ ಈ ಅನುಕೂಲವಿದ್ದಿದ್ದರೆ, ಆಕೆ ಮನೆಯ ಜಗಲಿಯಲ್ಲಿಯೇ ಬರೆದು ಸಂಜೆ ಕಳುಹಿಸಬಹುದಾಗಿತ್ತು.

ಕೊನೆಯದಾಗಿ ಎರಡು ಅರಿಕೆಗಳು. ಬೆಂಗಳೂರು, ಮೈಸೂರುಗಳಲ್ಲಿ ಗಣಕಯಂತ್ರದ ಕೆಲಸದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರಾದರೂ ಇಬ್ಬರು, ಮಾರುವವರಿಂದ ಬರಹದಲ್ಲಿ ತರಿಸಿಕೊಂಡ ಆರು ಉತ್ತರಗಳನ್ನು ಪರೀಕ್ಷಿಸಿ ಕೊಡಬೇಕು. ತಿಂಗಳಿಗೊಮ್ಮೆ ಸರ್ವರಿನ ಮೇಲೆ ಕಣ್ಣಿಡಬೇಕು. ಮತ್ತು ಮೂರು ವರ್ಷಗಳ ಹಣವನ್ನು ಒಟ್ಟಿಗೆ ಕೊಡದೆ, ಮೊದಲು ಒಂದು ತಿಂಗಳಿಗೆ ಕೊಂಡು, ಅರುವತ್ತು ಮಂದಿ ಹುಡುಗಿಯರನ್ನು ಒಂದೇ ಗಂಟೆಗೆ ಕೂಡಿಸಿ ಸುಳ್ಳುಪರೀಕ್ಷೆಯೊಂದನ್ನು ನಡೆಸಲು ಸಂಘವು ಒಪ್ಪಬೇಕು. ಆ ದಿನ ಸರ್ವರು ನಿಂತುಹೋದರೆ ಒಂದು ತಿಂಗಳ ಹಣ ಮಾತ್ರ ನಷ್ಟ. ಯಾವ ಮಗುವಿನ ಉತ್ತರವೂ ನಷ್ಟವಾಗದು.

ಬಂಡೆಯ ಮೇಲೆ ಕುಳಿತು ಬರೆದ ಹುಡುಗಿ ಶಾಲೆ ತೆರೆದ ಮೇಲೆ ಮರಳಿ ಬಂದು ಹತ್ತನೆಯ ತರಗತಿಯನ್ನು ಮುಗಿಸಿ ಹೋದಳು. ಆಕೆಯ ಪ್ರಶ್ನೆ ನನ್ನ ಸಂಗಡ ಉಳಿದಿದೆ. ಇನ್ನು ಮುಂದೆ ನಮ್ಮ ಮಕ್ಕಳು ಬರೆದದ್ದು ಎಲ್ಲಿದೆಯೆಂದು ಕೇಳಿದರೆ, ಇಲ್ಲಿದೆ ನೋಡಮ್ಮ ಎಂದು ತೋರಿಸಲು ಶಕ್ತಳಾಗಬೇಕೆಂಬುದೇ ನಾನು ಆ ತಂದೆಯವರಿಗೆ ಕೊಡುವ ಉತ್ತರ.