ಮಂಡಿಯೂರಿದ ಅರಸ, ಪಕ್ಕದಲ್ಲೊಂದು ಒಂಟೆ

ಅಬ್ಬಾ, ಒಂಟೆ! ಹೆಬ್ಬೆರಳ ಉಗುರಿನಗಲದ ಬೆಳ್ಳಿಯಲ್ಲಿ ಇಡೀ ಒಂಟೆ! ತೂಕ ಸುಮಾರು ನಾಲ್ಕು ಗ್ರಾಂ. ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯ ಮಣ್ಣಿನಲ್ಲಿ ಸಿಕ್ಕ ರೋಮನ್ ಬೆಳ್ಳಿ ನಾಣ್ಯ ದೆನಾರಿಯಸ್‌ಗಳ ಜಾತಿಯದೇ, ಆದರೆ ಅವಕ್ಕಿಂತ ಹಳೆಯದು, ಕ್ರಿ.ಪೂ. 58ರದು. ಭೂತಗನ್ನಡಿ ಹಿಡಿಯಿರಿ: ಒಂಟೆಯ ಪಕ್ಕ ಒಬ್ಬ ಮಂಡಿಯೂರಿದ್ದಾನೆ, ಒಂದು ಕೈಯಲ್ಲಿ ಲಗಾಮು, ಇನ್ನೊಂದರಲ್ಲಿ ಶಾಂತಿ ಬೇಡುವ ಆಲಿವ್ ಕೊಂಬೆ. ಸುತ್ತಲಿನ ಅಕ್ಷರ ಕೂಡಿಸಿ ಓದಿದರೆ ಮೈ ಜುಮ್ಮೆನ್ನುತ್ತದೆ: ‘ರೆಕ್ಸ್ ಅರೆಟಾಸ್’. ಅರಸ ಅರೆಟಾಸ್! ಬಂಡೆ ಕೊರೆದು ಕಟ್ಟಿದ ಪೆಟ್ರಾ ನಗರದ ದೊರೆ!

ಟಂಕಿಸಿದವನು ರೋಮನ್ ದಂಡನಾಯಕ ಪಾಂಪೆಯ ಸೇನಾಧಿಕಾರಿಯಾಗಿದ್ದ ಸ್ಕಾರಸ್. ರೋಮ್‌ನಲ್ಲಿ ನಾಣ್ಯಕ್ಕೆ ಏರುತ್ತಿದ್ದುದು ಹೆಚ್ಚಾಗಿ ದೇವತೆಗಳು, ತಾತ ಮುತ್ತಾತರ ಸಾಹಸ. ಈತ ಏರಿಸಿದ್ದು ತನ್ನದೇ ಗೆಲುವನ್ನು.

ಗೆಲುವೇ? ಇತಿಹಾಸಕಾರ ಜೋಸೆಫಸ್ ಬರೆದಿಟ್ಟದ್ದನ್ನು ಓದಿ ನಾನು ದಂಗಾದೆ. ಕ್ರಿ.ಪೂ. 62ರಲ್ಲಿ ಸ್ಕಾರಸ್ ಪೆಟ್ರಾದತ್ತ ಹೊರಟ. ದಾರಿ ದುರ್ಗಮ, ಸೈನ್ಯಕ್ಕೆ ಕೂಳಿಲ್ಲ. ನೆರೆಯ ಯೂದಾಯದಿಂದ ಅಲ್ಲಿನ ಮುಖಂಡ ಆಂಟಿಪೇಟರ್ ಧಾನ್ಯ ಕಳಿಸಿಕೊಟ್ಟ, ಆಮೇಲೆ ತಾನೇ ನಡುವೆ ನಿಂತು ಮಾತುಕತೆಯನ್ನೂ ಕುದುರಿಸಿದ. ಅರೆಟಾಸ್ 300 ಟ್ಯಾಲೆಂಟ್ ಕೊಟ್ಟ, ದಂಡು ಹಿಂದಿರುಗಿತು. ಅಷ್ಟೇ! ಹಣ ತೆತ್ತು ಶತ್ರುವನ್ನು ಸಾಗಹಾಕಿದ ರಾಜ, ನಾಣ್ಯದಲ್ಲಿ ಮಂಡಿಯೂರಿದ!

ಆ ಮಂಡಿಯೂರಿದವನು ಮತ್ತೆ ಮತ್ತೆ ಬರುತ್ತಾನೆ. ಕ್ರಿ.ಪೂ. 55ರಲ್ಲಿ ಒಂಟೆಯ ಸಮೇತವೇ, ‘ಬಾಕ್ಕಿಯಸ್’ ಎಂಬ ಹೆಸರಿನಲ್ಲಿ. ಕ್ರಿ.ಪೂ. 19ರ ಹೊತ್ತಿಗೆ ಒಂಟೆ ಮಾಯ. ಷರಾಯಿ ತೊಟ್ಟ ಪಾರ್ಥಿಯನ್ನನೊಬ್ಬ ರೋಮನ್ ಧ್ವಜ ಚಾಚಿದ್ದಾನೆ. ಕ್ರಿ.ಪೂ. 53ರಲ್ಲಿ ಕಾರೇ ರಣರಂಗದಲ್ಲಿ ಪಾರ್ಥಿಯನ್ನರೆದುರು ರೋಮನ್ ಸೇನಾನಿ ಕ್ರಾಸಸ್ ಪ್ರಾಣದ ಜೊತೆ ಕಳೆದುಕೊಂಡ ಧ್ವಜಗಳವು. ಸಾಮ್ರಾಟ ಆಗಸ್ಟಸ್ ಅವನ್ನು ಮರಳಿ ಪಡೆದದ್ದೂ ಸಂಧಾನದಿಂದಲೇ, ಯುದ್ಧದಿಂದಲ್ಲ!

ಇನ್ನೊಂದು ನಾಣ್ಯವನ್ನು ಮಾತ್ರ ಬೇಗ ಕೆಳಗಿಡಲಾಗದು. ಕ್ರಿ.ಶ. 70ರಲ್ಲಿ ಯೂದಾಯದ ಜೆರುಸಲೇಮ್ ರೋಮನ್ನರ ಕೈಗೆ ನಿಜವಾಗಿಯೇ ಬಿತ್ತು, ದೇವಾಲಯ ಸುಟ್ಟುಹೋಯಿತು. ಮರುವರ್ಷ ಸಾಮ್ರಾಟ ವೆಸ್ಪೇಸಿಯನ್ ಟಂಕಿಸಿದ ದೊಡ್ಡ ಸೆಸ್ಟರ್ಷಿಯಸ್‌ನಲ್ಲಿ ‘ಯೂದಾಯ ಕಾಪ್ಟಾ’, ಸೆರೆಸಿಕ್ಕ ಯೂದಾಯ. ನಡುವೆ ಖರ್ಜೂರದ ಮರ. ಒಂದು ಬದಿಗೆ ಕೈಕಟ್ಟಿಸಿಕೊಂಡು ನಿಂತ ಗಂಡಸು. ಇನ್ನೊಂದು ಬದಿಗೆ ಒಬ್ಬಳು ಹೆಂಗಸು, ಗಲ್ಲಕ್ಕೆ ಕೈಯಿಟ್ಟು ಕುಳಿತಿದ್ದಾಳೆ. ಇಲ್ಲಿ ಕೊಂಬೆಯೂ ಇಲ್ಲ, ಮಂಡಿಯೂರಿದವರೂ ಇಲ್ಲ.