ಕೋವಿ ಮನೆಯಲ್ಲಿ, ನಳಿಗೆ ಕಸ್ಟಮ್ಸ್‌ನಲ್ಲಿ

2021ರ ಜುಲೈ 25, ಟೋಕಿಯೊ ಒಲಿಂಪಿಕ್ಸ್. ಮಹಿಳೆಯರ ಹತ್ತು ಮೀಟರ್ ಏರ್ ಪಿಸ್ತೂಲ್ ಅರ್ಹತಾ ಸುತ್ತಿನಲ್ಲಿ ಹತ್ತೊಂಬತ್ತು ವರ್ಷದ ಮನು ಭಾಕರ್ ಚೆನ್ನಾಗಿಯೇ ಗುರಿ ಹಿಡಿದಿದ್ದರು. ನಡುವೆ ಪಿಸ್ತೂಲಿನ ಕಾಕಿಂಗ್ ಲಿವರ್ ಮುರಿಯಿತು. ರಿಪೇರಿ ಮುಗಿಸಿಕೊಂಡು ಮತ್ತೆ ಬಂದು ನಿಲ್ಲುವಷ್ಟರಲ್ಲಿ ಗಡಿಯಾರ ಬಹಳ ಮುಂದೆ ಹೋಗಿತ್ತು. ಉಳಿದ ಗುಂಡುಗಳನ್ನು ಅವಸರದಲ್ಲೇ ಹೊಡೆಯಬೇಕಾಯಿತು. ಫೈನಲ್ ಕೂದಲೆಳೆಯಲ್ಲಿ ಕೈತಪ್ಪಿತು. ಕೈಬೆರಳಷ್ಟು ದೊಡ್ಡದಿಲ್ಲದ ಒಂದು ಲೋಹದ ತುಂಡು ವರ್ಷಗಳ ತಯಾರಿಯನ್ನು ಹಾಳು ಮಾಡಿತ್ತು.

ಆ ಪಿಸ್ತೂಲು ಸ್ವಿಟ್ಜರ್ಲೆಂಡಿನ ಮೊರಿನಿ ಕಂಪನಿಯದು. ಭಾರತದ ಶೂಟರ್‌ಗಳ ಕೈಯಲ್ಲಿರುವ ವಾಲ್ಟರ್, ಫೈನ್‌ವರ್ಕ್‌ಬೌ, ಆನ್‌ಶುಟ್ಜ್ ರೈಫಲ್‌ಗಳೆಲ್ಲ ಜರ್ಮನಿಯವು. ಗುಂಡು ಕೂಡ ಹೊರಗಿನದೇ. .22 ಬೋರ್‌ನ ಈಲಿ ಕಂಪನಿಯ ಗುಂಡು ಬರುವುದು ಬರ್ಮಿಂಗ್‌ಹ್ಯಾಮ್‌ನಿಂದ. ದೊಡ್ಡ ಸ್ಪರ್ಧೆಗಳ ಶೂಟರ್‌ಗಳು ತಮ್ಮ ನಳಿಗೆಯನ್ನು ಕಾರ್ಖಾನೆಗೇ ಒಯ್ದು, ಯಾವ ಲಾಟ್‌ನ ಗುಂಡು ಅದಕ್ಕೆ ಒಗ್ಗುತ್ತದೆ ಎಂದು ಪರೀಕ್ಷಿಸಿ ಕೊಳ್ಳುವುದುಂಟು. ಈ ಆಟದಲ್ಲಿ ಬಿಡಿಭಾಗಕ್ಕೆ ಅಷ್ಟು ಬೆಲೆ.

ಪದಕದ ಆಸೆ ಇಲ್ಲದವರಿಗೂ ಬಿಡಿಭಾಗದ ತಾಪತ್ರಯ ತಪ್ಪಿದ್ದಲ್ಲ. ಮಲೆನಾಡಿನ ಎಷ್ಟೋ ತೋಟದ ಮನೆಗಳಲ್ಲಿ ಅಜ್ಜನ ಕಾಲದ ಇಂಗ್ಲೆಂಡಿನ ಜೋಡುನಳಿಗೆ ಕೋವಿ ಇನ್ನೂ ಇದೆ. ಎಂಬತ್ತರ ದಶಕದ ನಡುವೆ ಸರ್ಕಾರ ಜನಸಾಮಾನ್ಯರ ಕೋವಿ ಆಮದಿನ ಬಾಗಿಲು ಮುಚ್ಚಿದ ಮೇಲೆ ಅಂಥ ಕೋವಿಗೆ ಎಲ್ಲಿಲ್ಲದ ಮರ್ಯಾದೆ. ಅದರ ಫೈರಿಂಗ್ ಪಿನ್ ಸವೆಯಿತು ಎನ್ನಿ. ಅಮೆರಿಕದಲ್ಲಿರುವ ಮೊಮ್ಮಗ ಫೋನಿನಲ್ಲಿ ಹುಡುಕುತ್ತಾನೆ, ಅದೇ ಪಿನ್ ಕೆಲವೇ ಡಾಲರಿಗೆ ಕಾಣುತ್ತದೆ. ವಿಳಾಸ ತುಂಬಿ, ಕಾರ್ಡ್ ಸಂಖ್ಯೆ ಕೊಟ್ಟರೆ ಮುಗಿಯಿತು ಅಂದುಕೊಳ್ಳುತ್ತಾನೆ. ತೊಡಕು ಶುರುವಾಗುವುದೇ ಆಗ.

1959ರ ಭಾರತೀಯ ಆಯುಧ ಕಾಯ್ದೆ 'ಆಯುಧ' ಎಂದರೇನೆಂದು ಎರಡನೇ ಕಲಮಿನಲ್ಲೇ ಹೇಳಿಬಿಡುತ್ತದೆ. ಹೊಡೆಯಲು ಅಥವಾ ರಕ್ಷಿಸಿಕೊಳ್ಳಲು ಮಾಡಿದ ಯಾವುದೇ ವಸ್ತು ಆಯುಧ. ಅದರ ಬಿಡಿಭಾಗಗಳೂ ಆಯುಧ, ಅದನ್ನು ತಯಾರಿಸುವ ಯಂತ್ರವೂ ಆಯುಧ. ದೊಣ್ಣೆ, ಊರುಗೋಲುಗಳನ್ನು ಕಾಯ್ದೆ ಧಾರಾಳವಾಗಿ ಹೊರಗಿಟ್ಟಿದೆ, ಫೈರಿಂಗ್ ಪಿನ್ನಿಗೆ ಆ ಭಾಗ್ಯವಿಲ್ಲ. ಹತ್ತನೇ ಕಲಮಿನ ಪ್ರಕಾರ ಹಡಗಿನಲ್ಲಿ ಬರಲಿ, ವಿಮಾನದಲ್ಲಿ ಬರಲಿ, ಆಯುಧವನ್ನು ದೇಶದೊಳಗೆ ತರಲು ಸಾಮಾನ್ಯವಾಗಿ ಪ್ರತ್ಯೇಕ ಪರವಾನಗಿ ಬೇಕು. ಮನೆಯಲ್ಲಿ ಕೋವಿ ಇಟ್ಟುಕೊಳ್ಳಲು ಜಿಲ್ಲಾಧಿಕಾರಿ ಕೊಟ್ಟ ಪರವಾನಗಿ ಈ ಕೆಲಸಕ್ಕೆ ಸಾಲದು. ಇದರ ಮೇಲೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ನಿರ್ಬಂಧ ಬೇರೆ ಇದೆ. ಸುಂಕಪಟ್ಟಿಯ 93ನೇ ಅಧ್ಯಾಯ ಪೂರ್ತಿ ಆಯುಧಗಳದ್ದು, ಅದರ 9305ನೇ ಶೀರ್ಷಿಕೆ ಬಿಡಿಭಾಗಗಳದ್ದೇ.

ಹಾಗಾದರೆ ಊರಿನ ಲೇತ್ ಅಂಗಡಿಯಲ್ಲಿ ಒಂದು ಪಿನ್ ಮಾಡಿಸಿದರಾಯಿತಲ್ಲ? ಅದು ಇನ್ನೂ ಕೆಟ್ಟ ದಾರಿ. ಆಯುಧ ತಯಾರಿಕೆಯಂತೆ ದುರಸ್ತಿಗೂ ಐದನೇ ಕಲಮಿನಡಿ ಪರವಾನಗಿ ಬೇಕು. 2019ರ ತಿದ್ದುಪಡಿಯ ನಂತರ ಪರವಾನಗಿಯಿಲ್ಲದೆ ಈ ಕೆಲಸ ಮಾಡುವವನಿಗೆ ಕನಿಷ್ಠ ಏಳು ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ. ಪರವಾನಗಿ ಇರುವ ಕೋವಿ ಅಂಗಡಿಗೆ ಹೋಗಿ ರಿಪೇರಿ ಮಾಡಿಸುವುದೊಂದೇ ಸರಿಯಾದ ಮಾರ್ಗ.

ಅಮೆರಿಕದ ಕಾನೂನಿನ ಲೆಕ್ಕಾಚಾರ ಬೇರೆ. ಅಲ್ಲಿನ ಒಕ್ಕೂಟ ಕಾನೂನಿಗೆ ರೈಫಲ್ ಎಂದರೆ ಮುಖ್ಯವಾಗಿ ಅದರ ರಿಸೀವರ್, ಅಂದರೆ ಉಳಿದೆಲ್ಲವೂ ಬಂದು ಕೂಡುವ ನಡುಭಾಗ. ಕ್ರಮಸಂಖ್ಯೆ ಕೊರೆದಿರುವುದು ಅದರ ಮೇಲೆ, ಅಂಗಡಿಯವನು ಗಿರಾಕಿಯ ಹಿನ್ನೆಲೆ ವಿಚಾರಿಸುವುದೂ ಅದಕ್ಕೆ. ನಳಿಗೆ, ಟ್ರಿಗರ್, ಹಿಡಿ ಮುಂತಾದವು ಬಹುಮಟ್ಟಿಗೆ ಕಾರಿನ ಬಿಡಿಭಾಗಗಳಂತೆ ಅಂಚೆಯಲ್ಲಿ ಬರುತ್ತವೆ. ಜರ್ಮನಿಯಲ್ಲಿ ನಳಿಗೆಯೂ ಬೋಲ್ಟೂ ಕೋವಿಯಷ್ಟೇ ಗಂಭೀರ. ಸೈಲೆನ್ಸರ್ ಇನ್ನೂ ಸ್ವಾರಸ್ಯದ್ದು. ನಾರ್ವೆ, ನ್ಯೂಜಿಲೆಂಡ್‌ಗಳ ಬೇಟೆಗಾರರು ಕಿವಿ ಉಳಿಸಿಕೊಳ್ಳಲು ಅದನ್ನು ಮಾಮೂಲಿಯಾಗಿ ಬಳಸುತ್ತಾರೆ. ಅಮೆರಿಕದಲ್ಲಿ 1934ರಿಂದಲೂ ಅದನ್ನು ನೋಂದಾಯಿಸಬೇಕು. ಭಾರತದ ಕಾಯ್ದೆಯಂತೂ ಸದ್ದು ಅಥವಾ ಬೆಂಕಿಯ ಹೊಳಪನ್ನು ತಗ್ಗಿಸುವ ಸಾಧನವನ್ನು ಬಂದೂಕಿನ ವ್ಯಾಖ್ಯೆಯೊಳಗೇ ಸೇರಿಸಿಬಿಟ್ಟಿದೆ. ಒಳಗೆ ಗುಂಡು ಹಾಕಲಾಗದ ಖಾಲಿ ಕೊಳವೆ ಕಾನೂನಿನ ಕಣ್ಣಿಗೆ ಬಂದೂಕೇ.

ದುರ್ಬೀನಿನ ಕಥೆ ಗುಮಾಸ್ತರಿಗಷ್ಟೇ ಹೊಳೆಯಬಹುದಾದಂಥದ್ದು. ರೈಫಲ್ ಮೇಲೆ ಕೂರಿಸುವ ಸ್ಕೋಪ್ ಒಂಟಿಯಾಗಿ ಬಂದರೆ ಸುಂಕಪಟ್ಟಿಯಲ್ಲಿ ಮಸೂರ, ಸೂಕ್ಷ್ಮದರ್ಶಕಗಳ ಜೊತೆ 90ನೇ ಅಧ್ಯಾಯದಲ್ಲಿ ಕೂರುತ್ತದೆ. ಅದೇ ಸ್ಕೋಪ್ ರೈಫಲ್‌ಗೆ ಬಿಗಿದುಕೊಂಡು ಬಂದರೆ, ಅಥವಾ ತಾನು ಕೂರಬೇಕಾದ ರೈಫಲಿನ ಜೊತೆಯಲ್ಲೇ ಬಂದರೆ, 93ನೇ ಅಧ್ಯಾಯಕ್ಕೆ ಸೇರುತ್ತದೆ. 90ರಲ್ಲಿದ್ದರೂ ಅದು 'ಆಯುಧಕ್ಕೆ ಜೋಡಿಸುವ ದುರ್ಬೀನು' ಎಂಬ ತನ್ನ ಹೆಸರಿನ ಸಾಲಿನಲ್ಲೇ ಇರುತ್ತದೆ. ಹಾಗಾಗಿ ಪೊಟ್ಟಣದ ಮೇಲೆ 'ಕ್ಯಾಮೆರಾ ಲೆನ್ಸ್' ಎಂದು ಬರೆಸುವ ಜಾಣತನಕ್ಕೆ ಸುಳ್ಳು ಘೋಷಣೆ ಎಂದೇ ಹೆಸರು.

ಇಲ್ಲಿಯ ಬಾಗಿಲು ತೆರೆದರೂ ಅಲ್ಲಿಯದು ತೆರೆಯಬೇಕು. ಅಮೆರಿಕದಿಂದ ಹೊರಹೋಗುವ ಸಾಮಾನ್ಯ ರೈಫಲ್‌ಗಳು, ಅವುಗಳ ಭಾಗಗಳು ಬಹುಕಾಲ ವಿದೇಶಾಂಗ ಇಲಾಖೆಯ ಯುದ್ಧಸಾಮಗ್ರಿ ಪಟ್ಟಿಯಲ್ಲಿದ್ದವು. 2020ರ ಮಾರ್ಚ್‌ನಲ್ಲಿ ಅವುಗಳಲ್ಲಿ ಹೆಚ್ಚಿನವು ವಾಣಿಜ್ಯ ಇಲಾಖೆಯ ನಿಯಂತ್ರಣಕ್ಕೆ ಬಂದವು. ಇಲಾಖೆ ಬದಲಾಯಿತೇ ಹೊರತು ನಿಯಂತ್ರಣ ಹೋಗಲಿಲ್ಲ. ಅಲ್ಲಿನ ಹಲವು ಅಂಗಡಿಗಳು ವಿದೇಶಿ ವಿಳಾಸ ಕಂಡ ಕೂಡಲೇ ಆರ್ಡರ್ ರದ್ದು ಮಾಡುವುದು ಇದಕ್ಕೇ. ಬಿಡಿಭಾಗವನ್ನು ಗೆಳೆಯನ ಕೈಲಿ ಕೊಂಡುಕೊಂಡು ಸೂಟ್‌ಕೇಸಿನಲ್ಲಿ ತರಿಸಿದರೆ ಎರಡು ದೇಶಗಳ ಕಾನೂನು ಒಟ್ಟಿಗೇ ಮುರಿಯುವ ಸಾಧ್ಯತೆ ಇದೆ.

ಕ್ರೀಡಾಪಟುಗಳಿಗೆ ಒಂದು ಕಿಟಕಿ ಇದೆ. 2016ರ ಆಯುಧ ನಿಯಮಗಳು ಶೂಟರ್‌ಗಳನ್ನು ಅವರ ಸಾಧನೆಯ ಮೇಲೆ ವಿಂಗಡಿಸುತ್ತವೆ. ಅಂತರರಾಷ್ಟ್ರೀಯ ಪದಕ ಗೆದ್ದವರು, ಹೆಸರಾಂತ ಶೂಟರ್‌ಗಳು, ಈಗಷ್ಟೇ ಮೇಲೇರುತ್ತಿರುವವರು, ಕಿರಿಯರು ಎಂದು ದರ್ಜೆಗಳಿವೆ. ರಾಷ್ಟ್ರೀಯ ರೈಫಲ್ ಸಂಸ್ಥೆಯ ಶಿಫಾರಸಿನ ಮೇಲೆ ಆಮದಿಗೂ ಸುಂಕ ವಿನಾಯಿತಿಗೂ ದಾರಿಯಾಗುತ್ತದೆ. 2020ರ ಫೆಬ್ರವರಿಯ ತಿದ್ದುಪಡಿಯಲ್ಲಿ, ಎರಡಕ್ಕಿಂತ ಹೆಚ್ಚು ವಿಭಾಗಗಳಲ್ಲಿ ಹೆಸರು ಮಾಡಿದವರು ಹನ್ನೆರಡರವರೆಗೆ ಆಯುಧ ಇಟ್ಟುಕೊಳ್ಳಬಹುದೆಂದಾಯಿತು. ಅದಕ್ಕೆ ಎರಡೇ ತಿಂಗಳ ಮುಂಚೆ ಸಂಸತ್ತು ಜನಸಾಮಾನ್ಯರ ಮಿತಿಯನ್ನು ಮೂರರಿಂದ ಎರಡಕ್ಕೆ ಇಳಿಸಿತ್ತು. ಅಜ್ಜನಿಂದ ಬಂದ ಕೋವಿಯೂ ಆ ಎರಡರೊಳಗೇ ಸೇರಬೇಕು.

ಬೆಂಗಳೂರಿನ ತಿಲೋತ್ತಮಾ ಸೇನ್ ಹದಿನೈದನೇ ವಯಸ್ಸಿಗೆ, 2023ರಲ್ಲಿ, ಹತ್ತು ಮೀಟರ್ ಏರ್ ರೈಫಲ್‌ನಲ್ಲಿ ದೇಶಕ್ಕೆ ಒಲಿಂಪಿಕ್ ಸ್ಥಾನ ಗೆದ್ದುಕೊಟ್ಟರು. ಕೋವಿ ಪರವಾನಗಿಗೆ ಸಾಮಾನ್ಯವಾಗಿ ಇಪ್ಪತ್ತೊಂದು ತುಂಬಿರಬೇಕು. ಮಕ್ಕಳು ಈ ಆಟಕ್ಕೆ ಬೇಗ ಬರಲು ಸಾಧ್ಯವಾಗುವುದು ಏರ್ ರೈಫಲ್‌ನಿಂದ. 4.5 ಮಿಲಿಮೀಟರ್ ಅಂದರೆ .177 ಬೋರ್‌ನ, ಇಪ್ಪತ್ತು ಜೌಲ್‌ಗಿಂತ ಕಡಿಮೆ ಶಕ್ತಿಯ ಏರ್‌ಗನ್‌ಗೆ ಪರವಾನಗಿ ಬೇಕಿಲ್ಲ. ಗುರುತಿನ ಚೀಟಿ ತೋರಿಸಿ ಕೊಳ್ಳಬಹುದು. ಪೇಟೆಯಲ್ಲಿ ಕೆಲವರು ಇಷ್ಟಕ್ಕೆ ತೃಪ್ತರಾಗದೆ ಬಲವಾದ ಸ್ಪ್ರಿಂಗ್ ಹುಡುಕುತ್ತಾರೆ. ಶಕ್ತಿ ಆ ಗೆರೆ ದಾಟಿದೊಡನೆ ಅದೇ ಏರ್‌ಗನ್ ಪರವಾನಗಿ ಬೇಕಾದ ಆಯುಧವಾಗುತ್ತದೆ. ಇಟ್ಟುಕೊಳ್ಳಲು ವಿನಾಯಿತಿ ಇದೆ ಎಂದ ಮಾತ್ರಕ್ಕೆ ಹೊರದೇಶದಿಂದ ತರಿಸಲೂ ಇದೆ ಎಂದಲ್ಲ. ಆಮದಿನ ನಿಯಮ ಬೇರೆಯೇ.

ಈ ವ್ಯತ್ಯಾಸ ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಕೊಡಗಿನಲ್ಲಿ. ಕೈಲ್‌ಪೊಳ್ದ್ ಹಬ್ಬದಂದು ಕೋವಿಗಳನ್ನು ಸಾಲಾಗಿಟ್ಟು, ತೋಕ್ ಪೂ ಎಂಬ ಹೂವು ಮುಡಿಸಿ ಪೂಜೆ ಮಾಡುವ ನಾಡು ಅದು. ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಗಳಿಗೆ ಜನ ಕಿಕ್ಕಿರಿಯುತ್ತಾರೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ನಿಶ್ಶಸ್ತ್ರೀಕರಣ ಕಾನೂನಿನಿಂದ ಬಿಟ್ಟರು. ಆ ವಿನಾಯಿತಿ ಸ್ವಾತಂತ್ರ್ಯಾನಂತರವೂ ಉಳಿಯಿತು, 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. ಕೊಡವರಿಗೂ ಜಮ್ಮಾ ಎಂಬ ಪಾರಂಪರಿಕ ಭೂಮಿಯ ಹಿಡುವಳಿದಾರರಿಗೂ ಅದು ಅನ್ವಯಿಸುತ್ತದೆ. ಇದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿತು.

ಆದರೆ ವಿನಾಯಿತಿಗೂ ಗಡಿಗಳಿವೆ. ಜಿಲ್ಲೆಯ ಹೊರಗೆ ಹೋಗುವಾಗ ಒಂದು ರೈಫಲ್, ನೂರು ಗುಂಡು, ಒಂದು ಕೋವಿ, ಐನೂರು ತೋಟೆ ಎಂಬ ಮಿತಿ ಹಾಕಿದ್ದಾರೆ. ಮುಖ್ಯವಾಗಿ, ಅದು ಬಿಡುಗಡೆ ಕೊಟ್ಟಿರುವುದು ಇಟ್ಟುಕೊಳ್ಳುವ, ಒಯ್ಯುವ ಪರವಾನಗಿಯಿಂದ ಮಾತ್ರ. ಮಡಿಕೇರಿಯ ಮನೆಯಲ್ಲಿ ಕೋವಿಗೆ ಲೈಸೆನ್ಸ್ ಕೇಳುವವರಿಲ್ಲದಿದ್ದರೂ, ಅದರ ನಳಿಗೆ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಂದಿಳಿದರೆ ಎಲ್ಲರಂತೆ ಕಸ್ಟಮ್ಸ್ ಮೇಜಿನ ಮುಂದೆ ನಿಲ್ಲಬೇಕು.

ವರ್ಷಗಟ್ಟಲೆ ಹೊರದೇಶದಲ್ಲಿದ್ದು ಮರಳುವವರು ತಮ್ಮ ಕೋವಿಯನ್ನೂ ತರಬಹುದೇ? ವಾಸ ಬದಲಿಸಿಕೊಂಡು ಬರುವವರಿಗೆ ಅನುಮತಿಸಿದ ಬೋರ್‌ನ ಒಂದು ಬಂದೂಕಿಗೆ ಅವಕಾಶವಿದೆ. ಅದು ಅಲ್ಲಿ ಕನಿಷ್ಠ ಒಂದು ವರ್ಷ ಅವರ ಬಳಿ ಇದ್ದು ಬಳಕೆಯಾಗಿರಬೇಕು. ಬರುವ ಮೊದಲೇ ಇಲ್ಲಿಯ ಪರವಾನಗಿ ಕೈಯಲ್ಲಿರಬೇಕು. ಸುಂಕ ಕಟ್ಟಬೇಕು, ತಂದದ್ದನ್ನು ಬೇಕೆಂದಾಗ ಮಾರುವಂತಿಲ್ಲ. ಬಂದಮೇಲೆ ಪರವಾನಗಿ ಮಾಡಿಸೋಣ ಎಂದುಕೊಂಡವರ ಕೋವಿ ಗೋದಾಮಿನಲ್ಲೇ ಉಳಿಯುತ್ತದೆ.

ಕೋವಿಯೇ ಇಲ್ಲದವರು ಸಿಕ್ಕಿಬೀಳುವುದೂ ಉಂಟು. ವಿಮಾನ ನಿಲ್ದಾಣದ ಎಕ್ಸ್-ರೇ ಪರದೆಯಲ್ಲಿ ಬ್ಯಾಗಿನ ಮೂಲೆಯ ಒಂದೇ ಒಂದು ಗುಂಡು ಹೊಳೆಯುತ್ತದೆ. ಅಪ್ಪನ ಹಳೇ ಬ್ಯಾಗು, ಅಮೆರಿಕದ ಶೂಟಿಂಗ್ ರೇಂಜಿನಲ್ಲಿ ಜೇಬಿಗಿಳಿದು ಮರೆತುಹೋದ ತೋಟೆ, ಹೀಗೆ ಕಾರಣಗಳು ಬಹಳ. ಕೈಯಲ್ಲಿದ್ದರಷ್ಟೇ ಸಾಲದು, ಇದೆ ಎಂಬ ಅರಿವೂ ಇರಬೇಕು ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 1972ರ ಗುಣವಂತಲಾಲ್ ಪ್ರಕರಣದಲ್ಲೇ ಹೇಳಿದೆ. ಬಿಡಿಭಾಗಗಳ ಮೇಲೆ ಇಷ್ಟು ಕಟ್ಟುನಿಟ್ಟಾಗಿರುವ ಕಾಯ್ದೆಯ 45ನೇ ಕಲಮಿನಲ್ಲೂ ಒಂದು ಸಣ್ಣ ಸಡಿಲಿಕೆ ಇದೆ: ಉಳಿದ ಭಾಗಗಳೊಂದಿಗೆ ಸೇರಿಸಿ ಬಳಸುವ ಉದ್ದೇಶವಿಲ್ಲದ ಚಿಲ್ಲರೆ ಭಾಗಕ್ಕೆ ಕಾಯ್ದೆ ತಗುಲದು. ಕೋವಿಯಿಲ್ಲದ ಒಂಟಿ ಗುಂಡು ಅಂಥ ಚಿಲ್ಲರೆ ಭಾಗವೇ ಎಂದು ದೆಹಲಿ ಹೈಕೋರ್ಟ್ ಒಪ್ಪಿ ಪ್ರಕರಣ ರದ್ದು ಮಾಡಿದ್ದಿದೆ. ಅಷ್ಟರಲ್ಲಿ ಪ್ರಯಾಣಿಕ ವಿಮಾನ ತಪ್ಪಿಸಿಕೊಂಡು, ಎಫ್‌ಐಆರ್ ಹಾಕಿಸಿಕೊಂಡು, ವಕೀಲರಿಗೆ ಫೀಸು ಕಟ್ಟಿ, ತನ್ನದಲ್ಲದ ಊರಿನ ಕೋರ್ಟಿಗೆ ಹಲವು ಸಲ ಅಲೆದಿರುತ್ತಾನೆ.