ಸಂಶೋಧನ ವಿದ್ಯಾರ್ಥಿಗೆ ಎಂತಹ ಇ-ರೀಡರ್?

ಗಡಿನಾಡಿನ ಕನ್ನಡ ಮನೆಗಳ ಮಕ್ಕಳು ಎಂ.ಎ., ಪಿಎಚ್.ಡಿ. ವ್ಯಾಸಂಗಕ್ಕೆ ತೊಡಗಿದಾಗ ಗ್ರಂಥಾಲಯದ ಕೊರತೆ ಬಹಳವಾಗಿ ಕಾಡುತ್ತದೆ. ಕಾಸರಗೋಡಿನ ಒಳನಾಡಿನಲ್ಲಾಗಲಿ ಜತ್ತ ತಾಲ್ಲೂಕಿನಲ್ಲಾಗಲಿ, ಹಳೆಯ ಕನ್ನಡ ಗ್ರಂಥ ಬೇಕೆಂದರೆ ಅನೇಕ ವೇಳೆ ಅಂತರಜಾಲದ ಪಿಡಿಎಫ್ ಪ್ರತಿಯೇ ಗತಿ. ಅದನ್ನು ಮೊಬೈಲಿನಲ್ಲಿ ಓದಿ ಕಣ್ಣು ಸೋತ ಮೇಲೆ ಇ-ರೀಡರಿನ ಬೇಡಿಕೆ ತಂದೆತಾಯಿಯರ ಮುಂದೆ ಬರುವುದು ಸಹಜ, ನ್ಯಾಯವೂ ಹೌದು. ಆದರೆ ಅಗ್ಗವೆಂದು ಚಿಕ್ಕದನ್ನು ಕೊಂಡರೆ ಹಣ ವ್ಯರ್ಥವಾದೀತು.

ಇ-ಇಂಕ್ ಪರದೆಯಲ್ಲಿ ಕೂದಲೆಳೆಯ ದಪ್ಪದ ಅಸಂಖ್ಯ ಕೋಶಗಳಿದ್ದು, ಅವುಗಳಲ್ಲಿ ಕಪ್ಪು, ಬಿಳುಪು ಕಣಗಳು ತೇಲುತ್ತಿರುತ್ತವೆ. ವಿದ್ಯುತ್ತಿನ ಸೆಳೆತಕ್ಕೆ ಅನುಸಾರವಾಗಿ ಕಪ್ಪೋ ಬಿಳುಪೋ ಮೇಲೇರಿ ಅಕ್ಷರ ಮೂಡುತ್ತದೆ; ಮೂಡಿದ್ದನ್ನು ಉಳಿಸಲು ವಿದ್ಯುತ್ತು ಬೇಡ. ಕಾಗದದಂತೆ ಹೊರಗಿನ ಬೆಳಕಿನಲ್ಲಿಯೇ ಕಾಣುವುದರಿಂದ ಜಗಲಿಯ ಬಿಸಿಲಿನಲ್ಲಿಯೂ ಓದಬಹುದು. 2007ರಲ್ಲಿ ಬಂದ ಮೊದಲ ಕಿಂಡಲಿನ ಪರದೆ 6 ಅಂಗುಲದ್ದು. ಕಾದಂಬರಿಗೆ ಅದು ಧಾರಾಳವಾಯಿತು. ಇಪಬ್ ಮೊದಲಾದ ಕಡತಗಳಲ್ಲಿ ಅಕ್ಷರ ಹಿಗ್ಗಿಸಿದರೆ ಸಾಲುಗಳು ತಾವೇ ಹೊಂದಿಕೊಳ್ಳುತ್ತವೆ.

ಪಿಡಿಎಫ್ ಹಾಗಲ್ಲ. ಅದು ಅಚ್ಚಾದ ಪುಟದ ಪಡಿಯಚ್ಚು. ಲೆಕ್ಕ ಹಾಕಿ ನೋಡೋಣ. 6 ಅಂಗುಲವೆಂಬುದು ಕರ್ಣದ ಅಳತೆ. ಪರದೆಯ ಅಗಲ ಸುಮಾರು 9 ಸೆಂಟಿಮೀಟರ್ ಮಾತ್ರ. ಎ-4 ಹಾಳೆಯ ಅಗಲ 21. ಅಂದರೆ ಪುಟವು ಶೇಕಡಾ 43ಕ್ಕೆ ಕುಗ್ಗುತ್ತದೆ. ನಮ್ಮ ಒತ್ತಕ್ಷರಗಳು, ಅಡಿಟಿಪ್ಪಣಿಗಳು ಚುಕ್ಕೆಗಳಾಗುತ್ತವೆ. ಹಿಗ್ಗಿಸಿ ಅತ್ತಿತ್ತ ಸರಿಸುತ್ತ ಓದೋಣವೆಂದರೆ ಈ ಪರದೆಯ ಚಲನೆ ನಿಧಾನ. ಎರಡು ಅಂಕಣಗಳ ಲೇಖನವಾದರಂತೂ ತಾಳ್ಮೆಯ ಪರೀಕ್ಷೆಯೇ ಸರಿ.

10.3 ಅಂಗುಲದ ಪರದೆಯ ಅಗಲ 15.7, ಎತ್ತರ 21 ಸೆಂಟಿಮೀಟರಿನಷ್ಟು. ನಮ್ಮ ಡೆಮಿ ಅಷ್ಟದಳ ಪುಸ್ತಕ ಹೆಚ್ಚುಕಡಿಮೆ ಇದೇ ಅಳತೆಯದು. ಎ-4 ಪುಟದ ಅಂಚನ್ನು ಕತ್ತರಿಸಿ ತೋರಿಸುವ ಸೌಕರ್ಯವಿದ್ದರೆ ಅದನ್ನೂ ಓದಬಹುದು. 13.3 ಅಂಗುಲದ್ದು ಇನ್ನೂ ಉತ್ತಮ, ಆದರೆ ಬೆಲೆ ಸಾಮಾನ್ಯ ಸಂಸಾರಕ್ಕೆ ಭಾರ. ನನ್ನ ಮತದಲ್ಲಿ ಮಧ್ಯದ್ದೇ ಯೋಗ್ಯ. ಸಾವಿರಾರು ಪುಸ್ತಕ ಹಿಡಿಸುತ್ತದೆಂಬ ಅಂಗಡಿಯವರ ಮಾತಿಗೆ ಮರುಳಾಗಬೇಕಿಲ್ಲ. ಅಷ್ಟನ್ನು ಓದುವವರಾದರೂ ಯಾರು!

ಕನ್ನಡದ ವಿಚಾರವನ್ನು ಬೇರೆಯಾಗಿ ನೋಡಬೇಕು. ಸ್ಕ್ಯಾನ್ ಮಾಡಿದ ಪುಟ ಚಿತ್ರವಾದ್ದರಿಂದ ಅಕ್ಷರ ಕೆಡದು. ಇಪಬ್ ಕಡತದಲ್ಲಾದರೆ ಕೆಲವು ಸಾಧನಗಳಲ್ಲಿ ಒತ್ತಕ್ಷರಗಳು ಕಳಚಿ ಬೀಳುವುದುಂಟು. ಶಾಸನದ ಅಧ್ಯಯನ ಮಾಡುವವರಿಗೆ ಪುಟದ ಮೇಲೆಯೇ ಟಿಪ್ಪಣಿ ಬರೆಯುವ ಲೇಖನಿ ಉಪಯುಕ್ತ. ಬರೆದ ಟಿಪ್ಪಣಿ ಪಿಡಿಎಫ್ ಸಹಿತ ಕಂಪ್ಯೂಟರಿಗೆ ಬರುವುದೇ ಎಂದು ವಿಚಾರಿಸಬೇಕು.

ಹಣ ಕೊಡುವ ಮುನ್ನ ಒಂದು ಕೆಲಸ ಮಾಡಿರಿ. ಮಗಳೋ ಮಗನೋ ದಿನವೂ ಓದುವ ಎ-4 ಪುಟವೊಂದನ್ನು ಝೆರಾಕ್ಸ್ ಅಂಗಡಿಯಲ್ಲಿ ಶೇಕಡಾ 43ಕ್ಕೂ 70ಕ್ಕೂ ಕುಗ್ಗಿಸಿ ಎರಡು ಪ್ರತಿ ತೆಗೆಸಿ, ಅವರ ಕೈಗೇ ಕೊಟ್ಟು ಓದಿಸಿರಿ.